ಮಲ್ಪೆಯ ಫೈಬರ್ ಶೆಡ್ಡಿನಲ್ಲಿ ವಿಮಾನದ ಮುಂದಿನ ರೆಕ್ಕೆ

ಲಾಂಗ್-ಈಝಿ ವಿಮಾನ ನಿಂತಿರುವ ಫೋಟೊ ತೋರಿಸಿದರೆ ನಮ್ಮೂರಲ್ಲಿ ಎಲ್ಲರೂ ಮೊದಲು ಕೇಳುವುದು ಒಂದೇ. "ಇದೆಂತ ಮಾರಾಯ್ರೆ, ಮೂಗು ಮುರಿದು ಬಿದ್ದಿದೆಯಾ?" ಬಿದ್ದಿಲ್ಲ. ಅದನ್ನು ನಿಲ್ಲಿಸುವುದೇ ಹಾಗೆ. ಎಂಜಿನ್ ಹಿಂದುಗಡೆ ಇರುವುದರಿಂದ ಪೈಲಟ್ ಇಳಿದ ಮೇಲೆ ವಿಮಾನ ಹಿಂದಕ್ಕೆ ವಾಲುತ್ತದೆ. ಅದಕ್ಕೇ ಮುಂದಿನ ಚಕ್ರ ಒಳಗೆ ಮಡಚಿ ಮೂಗನ್ನು ನೆಲಕ್ಕೆ ಊರಿಸಿಡುತ್ತಾರೆ. ಫ್ಯಾನೂ ಹಿಂದೆ, ದೊಡ್ಡ ರೆಕ್ಕೆಯೂ ಹಿಂದೆ. ಬಾಲದಲ್ಲಿ ಇರಬೇಕಿದ್ದ ಚಿಕ್ಕ ರೆಕ್ಕೆ ಮುಂದೆ. ಇಬ್ಬರು ಒಬ್ಬರ ಹಿಂದೆ ಒಬ್ಬರು ಕೂರುವಷ್ಟೇ ಜಾಗ.

ಅಮೆರಿಕದ ಬರ್ಟ್ ರುಟಾನ್ ಇದನ್ನು ವಿನ್ಯಾಸ ಮಾಡಿದ್ದು ಕಾರ್ಖಾನೆಗಲ್ಲ, ಮನೆಯಲ್ಲೇ ಕೂತು ಕಟ್ಟಿಕೊಳ್ಳುವವರಿಗೆ. ಇದರ ಅಕ್ಕನಂತಿರುವ ವ್ಯಾರಿ-ಈಝಿ 1975ರಲ್ಲಿ ಹಾರಿತು. ಲಾಂಗ್-ಈಝಿ ಹಾರಿದ್ದು 1979ರ ಜೂನ್‌ನಲ್ಲಿ. ಅದೇ ಡಿಸೆಂಬರ್‌ನಲ್ಲಿ ಬರ್ಟ್‌ನ ಅಣ್ಣ ಡಿಕ್ ರುಟಾನ್ ಇದರಲ್ಲಿ ಎಲ್ಲೂ ಇಳಿಯದೆ ಸುಮಾರು 4,800 ಮೈಲಿ ಸುತ್ತಿದ. ಮುಂದೆ 1986ರಲ್ಲಿ ವೊಯೇಜರ್ ಎಂಬ ವಿಮಾನದಲ್ಲಿ ಜೀನಾ ಯೇಗರ್ ಜೊತೆ ನಡುವೆ ಎಲ್ಲೂ ಇಂಧನ ತುಂಬಿಸದೆ ಭೂಮಿಯನ್ನೇ ಸುತ್ತಿ ಬಂದವನೂ ಅವನೇ.

ರುಟಾನ್ ಮಾರುತ್ತಿದ್ದದ್ದು ಬರೀ ನಕ್ಷೆ. ಪೆಟ್ಟಿಗೆ ಬಿಚ್ಚಿ ಬೋಲ್ಟ್ ಬಿಗಿಯುವ ಕಿಟ್ ಅಲ್ಲ. ಎಲ್ಲಿ ಏನು ಕತ್ತರಿಸಬೇಕು, ಯಾವ ಪದರ ಯಾವ ದಿಕ್ಕಿಗೆ, ಎಲ್ಲ ಬರೆದಿರುವ ದಪ್ಪ ಪುಸ್ತಕ, ಜೊತೆಗೆ ನಿಜ ಅಳತೆಯ ದೊಡ್ಡ ಹಾಳೆಗಳು. 1985ರಲ್ಲಿ ಅವನ ಕಂಪನಿ ಅದನ್ನೂ ಮಾರುವುದು ನಿಲ್ಲಿಸಿತು. ನನಗೆ ಸಿಕ್ಕಿದ್ದು, ಅಲ್ಲಿ ಕಟ್ಟಲು ಹೊರಟು ಕೈಬಿಟ್ಟವರೊಬ್ಬರ ಹಳೆಯ ಸೆಟ್. ಅಮೆರಿಕದಲ್ಲಿರುವ ಭಾವ ಕೊಂಡು, ಊರಿಗೆ ಬರುವಾಗ ತಂದುಕೊಟ್ಟರು. ಅಕ್ಕ ಮಾತ್ರ ಇವತ್ತಿಗೂ ಭಾವನನ್ನು ಬೈಯುತ್ತಾಳೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ನಾನು ಇಡೀ ವಿಮಾನ ಕಟ್ಟಿಲ್ಲ. ಕಟ್ಟಿದ್ದು ಕ್ಯಾನಾರ್ಡ್ ಎನ್ನುವ ಆ ಮುಂದಿನ ಚಿಕ್ಕ ರೆಕ್ಕೆಯನ್ನು ಮಾತ್ರ. ಅದೂ ಹಾರಿಸಲಿಕ್ಕಲ್ಲ, ಕೆಲಸ ಕಲಿಯಲಿಕ್ಕೆ. ನಮ್ಮಲ್ಲಿ ಮನೆಯಲ್ಲಿ ಕಟ್ಟಿದ ವಿಮಾನ ಮೇಲೇರಬೇಕಾದರೆ ಕೇಂದ್ರದ ವಿಮಾನಯಾನ ನಿರ್ದೇಶನಾಲಯ ಡಿಜಿಸಿಎಯ ನೋಂದಣಿ, ಹಾರಾಟದ ಪರವಾನಗಿ ಎಲ್ಲ ಬೇಕು. ಮುಂಬೈಯ ಪೈಲಟ್ ಅಮೋಲ್ ಯಾದವ್ ಮನೆಯ ತಾರಸಿ ಮೇಲೆ ಆರು ಸೀಟಿನ ವಿಮಾನ ಕಟ್ಟಿ, ನೋಂದಣಿಗಾಗಿ ವರ್ಷಗಟ್ಟಲೆ ಅಲೆದು, 2017ರಲ್ಲಿ ಅದನ್ನು ಪಡೆದರು. ಅಂಥ ಛಲ ನನಗಿಲ್ಲ. ಮಂಗಳೂರಿನಲ್ಲಿ ಕಾಲೇಜಿಗೆ ಹೋಗುವಾಗ ಎನ್‌ಸಿಸಿ ಏರ್ ವಿಂಗ್‌ನಲ್ಲಿ ಹತ್ತಿದ ಹುಚ್ಚು, ಆಮೇಲೆ ಗಲ್ಫ್‌ನಲ್ಲಿ ಏಸಿ ಡಕ್ಟ್ ಕೆಲಸ ಮಾಡುವಾಗ ಕೈಗೆ ಬಂದ ಫೋಮು, ಫೈಬರಿನ ಪರಿಚಯ. ನನ್ನ ಬಂಡವಾಳ ಇಷ್ಟೇ.

ಕ್ಯಾನಾರ್ಡನ್ನೇ ಆರಿಸಿಕೊಂಡದ್ದಕ್ಕೆ ಕಾರಣ ಇದೆ. ಇಡೀ ವಿಮಾನಕ್ಕೆ ಬೇಕಾದ ಕೈಕೆಲಸವೆಲ್ಲ ಹನ್ನೊಂದು ಅಡಿ ಮೀರಿದ ಈ ಒಂದು ತುಂಡಿನಲ್ಲೇ ಬರುತ್ತದೆ. ಅದಲ್ಲದೆ ಈ ವಿನ್ಯಾಸದ ಜೀವ ಇರುವುದೇ ಅಲ್ಲಿ. ಮಾಮೂಲಿ ವಿಮಾನದ ವೇಗ ತೀರಾ ಕಮ್ಮಿಯಾದರೆ ರೆಕ್ಕೆ ಎತ್ತುವ ಶಕ್ತಿ ಕಳೆದುಕೊಳ್ಳುತ್ತದೆ. ಅದನ್ನೇ ಸ್ಟಾಲ್ ಅನ್ನುತ್ತಾರೆ. ಲಾಂಗ್-ಈಝಿಯಲ್ಲಿ ಹಾಗಾಗುವುದು ಮೊದಲು ಕ್ಯಾನಾರ್ಡ್‌ಗೆ. ಮೂಗು ಸ್ವಲ್ಪ ತಗ್ಗುತ್ತದೆ, ವೇಗ ಮರಳಿ ಬರುತ್ತದೆ. ಹಿಂದಿನ ದೊಡ್ಡ ರೆಕ್ಕೆ ಅಲ್ಲಿವರೆಗೂ ಕೆಲಸ ಮಾಡುತ್ತಲೇ ಇರುತ್ತದೆ.

ಇನ್ನು ಮಲ್ಪೆ ಯಾಕೆ ಅಂದರೆ, ಗ್ಲಾಸ್ ಬಟ್ಟೆ ಮತ್ತು ರೆಸಿನ್ ಎಂಬ ಗಟ್ಟಿಯಾಗುವ ಅಂಟು ಹಿಡಿದು ದಿನಾ ಕೆಲಸ ಮಾಡುವ ಕೈಗಳು ಇರುವುದು ಅಲ್ಲಿ. ಕೊಡವೂರಿನ ಕಡೆ ಒಬ್ಬರು ಬೋಟುಗಳಿಗೆ ಫೈಬರ್ ಹಾಕುತ್ತಾರೆ. ಊರಿಗೆಲ್ಲ ಅವರು ಫೈಬರಣ್ಣ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟೆಲ್ಲ ಮೇಲೆ ಬಂದು ರಿಪೇರಿಗೆ ಸಾಲು ನಿಲ್ಲುವುದು ಆಗಲೇ, ಆವಾಗ ಅವರಿಗೆ ಉಸಿರಾಡಲೂ ಪುರುಸೊತ್ತಿಲ್ಲ. ದೀಪಾವಳಿ ಕಳೆದ ಮೇಲೆ ಶೆಡ್ಡಿನಲ್ಲಿ ಜಾಗವೂ ಇರುತ್ತದೆ, ಅವರಿಗೆ ಮಾತಾಡಲು ಮನಸ್ಸೂ ಇರುತ್ತದೆ. ನನ್ನ ಕೆಲಸಕ್ಕೂ ಅದೇ ಕಾಲ ಬೇಕಿತ್ತು. ಅದು ಯಾಕೆ ಅಂತ ಮುಂದೆ ಹೇಳುತ್ತೇನೆ.

ಬೋಟು ಕಟ್ಟುವುದಕ್ಕೂ ಈ ರೆಕ್ಕೆ ಕಟ್ಟುವುದಕ್ಕೂ ಮೊದಲ ವ್ಯತ್ಯಾಸ ಅಚ್ಚು. ಫೈಬರ್ ಬೋಟಿಗೆ ಅಚ್ಚು ಬೇಕು. ಒಂದೇ ಅಚ್ಚಿನಿಂದ ಹತ್ತಾರು ಬೋಟು ತೆಗೆದರೆ ಮಾತ್ರ ಅದರ ಖರ್ಚು ಗಿಟ್ಟುತ್ತದೆ. ಒಂದೇ ವಿಮಾನ ಕಟ್ಟುವವನು ಅಚ್ಚು ಮಾಡುತ್ತಾ ಕೂತರೆ ಮುಗಿಯಿತು. ರುಟಾನ್ ಅಚ್ಚನ್ನೇ ಕಿತ್ತೆಸೆದ. ಫೋಮನ್ನು ರೆಕ್ಕೆಯ ಆಕಾರಕ್ಕೆ ಕತ್ತರಿಸು, ಅದರ ಮೇಲೆ ಗ್ಲಾಸ್ ಬಟ್ಟೆ ಹೊದಿಸು, ಫೋಮು ಒಳಗೇ ಇರಲಿ. ಇಷ್ಟೇ. ಇದನ್ನು ವಿವರಿಸಿದಾಗ ಫೈಬರಣ್ಣ ತಲೆ ಕೆರೆದುಕೊಂಡು, "ಹಾಗಾದ್ರೆ ನಮ್ಮ ರೆಸಿನ್ ಸಾಕಲ್ಲ, ಡ್ರಮ್ ತುಂಬ ಉಂಟು" ಅಂದರು.

ಬಾಯಲ್ಲಿ ಹೇಳುವುದಕ್ಕಿಂತ ತೋರಿಸುವುದೇ ಒಳ್ಳೆಯದು ಅಂತ ನೀಲಿ ಫೋಮಿನ ಒಂದು ತುಂಡಿನ ಮೇಲೆ ಅವರದೇ ರೆಸಿನ್ ಸುರಿದೆ. ನೋಡುತ್ತಿದ್ದಂತೆ ಫೋಮು ಸುಕ್ಕಾಯಿತು, ನಡುವೆ ಗುಂಡಿ ಬಿತ್ತು, ಸ್ವಲ್ಪ ಹೊತ್ತಿಗೆ ಅಡಿಯ ಹಲಗೆ ಕಾಣಿಸಿತು. ಬೋಟಿಗೆ ಹಾಕುವುದು ಪಾಲಿಯೆಸ್ಟರ್ ರೆಸಿನ್. ಅದರಲ್ಲಿರುವ ಸ್ಟೈರೀನ್ ಈ ಜಾತಿಯ ಫೋಮನ್ನು ತಿಂದುಹಾಕುತ್ತದೆ. ವಿಮಾನಕ್ಕೆ ಹಾಕುವ ಎಪಾಕ್ಸಿ ಎಂಬ ಇನ್ನೊಂದು ಜಾತಿಯ ರೆಸಿನ್‌ಗೆ ಆ ಗುಣ ಇಲ್ಲ. ಫೈಬರಣ್ಣ ಆ ಗುಂಡಿಗೆ ಬೆರಳು ಹಾಕಿ ನೋಡಿ, ಇನ್ನೊಂದು ತುಂಡು ತಂದು ತಾವೇ ಇನ್ನೊಮ್ಮೆ ಸುರಿದರು. ಅವರು ಕೆಲಸಕ್ಕೆ ನಿಜವಾಗಿ ಒಪ್ಪಿದ್ದು ಆಗ.

ಫೋಮ್ ಕತ್ತರಿಸುವುದು ಬ್ಲೇಡಿನಿಂದಲ್ಲ, ಬಿಸಿ ತಂತಿಯಿಂದ. ಅಡಕೆ ದಬ್ಬೆಯ ಒಂದು ಬಿಲ್ಲು ಮಾಡಿ ಸ್ಟೀಲ್ ತಂತಿ ಬಿಗಿದೆವು. ವೋಲ್ಟೇಜ್ ಏರಿಸಿ ಇಳಿಸಲು ಹಳೆಯ ಡಿಮ್ಮರ್‌ಸ್ಟ್ಯಾಟ್. ಮನೆಯ ಕರೆಂಟಿನ ಜೊತೆ ತಂತಿಗೆ ನೇರ ಸಂಬಂಧ ಇರಬಾರದು ಅಂತ ನಡುವೆ ಬೇರೆ ಟ್ರಾನ್ಸ್‌ಫಾರ್ಮರ್ ಇಟ್ಟಿದ್ದೆ. ಇದನ್ನು ಮಾಡಲು ಹೊರಡುವವರು ಆ ಟ್ರಾನ್ಸ್‌ಫಾರ್ಮರನ್ನು ಬಿಡಲೇಬೇಡಿ. ರೆಕ್ಕೆಯ ಅಡ್ಡ ಆಕಾರವನ್ನು ನಕ್ಷೆಯಿಂದ ಸನ್‌ಮೈಕಾ ಹಾಳೆಗೆ ಇಳಿಸಿ, ಅಂಚನ್ನು ಉಜ್ಜಿ ನುಣುಪು ಮಾಡಿ, ಫೋಮಿನ ಎರಡೂ ತುದಿಗೆ ಮೊಳೆ ಹೊಡೆದು ಕೂರಿಸಬೇಕು. ತಂತಿ ಆ ಅಂಚಿನ ಮೇಲೆ ಜಾರುತ್ತಾ ಹೋಗುತ್ತದೆ. ಆ ತುದಿಗೆ ಒಬ್ಬರು, ಈ ತುದಿಗೆ ಒಬ್ಬರು.

ಇಬ್ಬರೂ ಒಂದೇ ಹೆಜ್ಜೆಯಲ್ಲಿ ಹೋಗದಿದ್ದರೆ ರೆಕ್ಕೆ ತಿರುಚಿಕೊಳ್ಳುತ್ತದೆ. ಅದಕ್ಕೆ ಆ ಸನ್‌ಮೈಕಾ ಟೆಂಪ್ಲೇಟಿನ ಅಂಚಿನಲ್ಲಿ ಗೆರೆ ಹಾಕಿ ನಂಬರ್ ಬರೆಯಬೇಕು ಎನ್ನುತ್ತದೆ ಪುಸ್ತಕ. ಒಬ್ಬ ತನ್ನ ತಂತಿ ಯಾವ ನಂಬರಿನಲ್ಲಿದೆ ಎಂದು ಕೂಗುತ್ತಾ ಹೋಗಬೇಕು, ಇನ್ನೊಬ್ಬ ಅದಕ್ಕೆ ಸರಿಯಾಗಿ ಸಾಗಬೇಕು. ಕೂಗುವ ಕೆಲಸ ಫೈಬರಣ್ಣನದು, ತುಳುವಿನಲ್ಲಿ. "ಒಂಜಿ... ರಡ್ಡ್... ಮೂಜಿ..." ಬಲೆ ಎಳೆಯುವಾಗಿನ ಗಂಟಲು, ಶೆಡ್ಡಿನ ಶೀಟ್ ಅದುರುತ್ತಿತ್ತು. ಒಂದು ಇಂಚು ಸಾಗಲು ನಾಲ್ಕೈದು ಸೆಕೆಂಡ್. ಮುಂದಿನ ಅಂಚಿನ ತಿರುವಿನಲ್ಲಿ ಇನ್ನೂ ನಿಧಾನ, ಯಾಕೆಂದರೆ ತುದಿಗಳು ಮುಂದೆ ಹೋದರೂ ತಂತಿಯ ನಡುಭಾಗ ಫೋಮಿನೊಳಗೆ ಹಿಂದೆ ಉಳಿದಿರುತ್ತದೆ. ಅಲ್ಲಿ ಅವಸರ ಮಾಡಿದರೆ ನಡುವೆ ಮೂತಿ ಚಪ್ಪಟೆ. ಕಾವು ಸರಿ ಇದೆಯೋ ಇಲ್ಲವೋ ಎನ್ನುವುದನ್ನು ಕತ್ತರಿಸಿದ ಮೇಲ್ಮೈಯೇ ಹೇಳುತ್ತದೆ. ಕೂದಲಿನಂಥ ಸಣ್ಣ ಸಣ್ಣ ಎಳೆ ಉಳಿದಿದ್ದರೆ ಸರಿ. ಗುಳಿ ಬಿದ್ದಿದ್ದರೆ ಕಾವು ಜಾಸ್ತಿ.

ಇದನ್ನೆಲ್ಲ ನೀಲಿ ಫೋಮಿಗೆ ಮಾತ್ರ ಮಾಡಬಹುದು. ವಿಮಾನದ ಬೇರೆ ಕಡೆ ಯುರೆಥೇನ್ ಫೋಮ್ ಬರುತ್ತದೆ. ಅದಕ್ಕೆ ಬಿಸಿ ತಂತಿ ಮುಟ್ಟಿಸಿದರೆ ವಿಷದ ಗಾಳಿ ಏಳುತ್ತದೆ. ಅದನ್ನು ಚಾಕುವಿನಿಂದ ಕೆತ್ತಿ ಉಜ್ಜಬೇಕು.

ಆಮೇಲೆ ಬಟ್ಟೆ ಹೊದಿಸುವುದು. ಫೈಬರಣ್ಣನಿಗೂ ನನಗೂ ದಿನವಿಡೀ ಜಗಳ ನಡೆದದ್ದು ಇಲ್ಲೇ.

ಮೊದಲ ಜಗಳ ಹಾರ್ಡ್ನರ್‌ದು. ಬೋಟಿನ ರೆಸಿನ್‌ಗೆ ಅವರು ಮುಚ್ಚಳದಲ್ಲಿ ಅಳೆದು ಹಾಕುತ್ತಾರೆ. ಮೋಡ ಇದ್ದರೆ ಸ್ವಲ್ಪ ಜಾಸ್ತಿ, ಬಿಸಿಲಿದ್ದರೆ ಸ್ವಲ್ಪ ಕಮ್ಮಿ. ಪಾಲಿಯೆಸ್ಟರ್‌ಗೆ ಅದು ಸರಿಯಾದ ಲೆಕ್ಕವೇ. ಅಲ್ಲಿ ಅದು ಗಟ್ಟಿಯಾಗುವುದನ್ನು ಶುರು ಮಾಡಿಸುವ ಮದ್ದು ಅಷ್ಟೇ. ಎಪಾಕ್ಸಿಯಲ್ಲಿ ಹಾರ್ಡ್ನರ್ ರೆಸಿನ್ ಜೊತೆ ಸೇರಿ ತಾನೂ ಗಟ್ಟಿ ಪದಾರ್ಥದ ಒಂದು ಭಾಗ ಆಗಿಬಿಡುತ್ತದೆ. ಹೆಚ್ಚಾದರೂ ಕೆಟ್ಟಿತು, ಕಮ್ಮಿಯಾದರೂ ಕೆಟ್ಟಿತು. ನಾವು ಬಳಸಿದ್ದು ಬೆಂಗಳೂರಿನಿಂದ ತರಿಸಿದ ಎಲ್-12 ರೆಸಿನ್, ಕೆ-6 ಹಾರ್ಡ್ನರ್. 100 ಗ್ರಾಂಗೆ 10 ಗ್ರಾಂ. ಹಾರುವ ವಿಮಾನ, ಗ್ಲೈಡರ್ ಕಟ್ಟುವವರು ಎಂಜಿಎಸ್ 285 ಥರದ್ದನ್ನು ತೆಗೆದುಕೊಳ್ಳುತ್ತಾರೆ. ಅದರ ಅಳತೆ ತೂಕದಲ್ಲಿ 100ಕ್ಕೆ 40. ಚಿನ್ನದ ಅಂಗಡಿಯವರು ಬಳಸುವಂಥ ಚಿಕ್ಕ ತಕ್ಕಡಿ ಮೇಜಿನ ಮೇಲೆ ಕಂಡಾಗ ಫೈಬರಣ್ಣ ಜೋರಾಗಿ ನಕ್ಕರು. "ಇದು ಮದುವೆಗಾ, ವಿಮಾನಕ್ಕಾ?"

ಕಲೆಸಿದ್ದನ್ನು ಕಪ್ಪಿನಲ್ಲೇ ಬಿಟ್ಟು ಮಾತಾಡುತ್ತಾ ನಿಲ್ಲುವಂತೆಯೂ ಇಲ್ಲ. ಒಟ್ಟಿಗೆ ಇದ್ದಷ್ಟೂ ಅದು ತನ್ನ ಕಾವಿಗೆ ತಾನೇ ಬೇಗ ಗಟ್ಟಿಯಾಗುತ್ತದೆ, ನಮ್ಮ ಮಧ್ಯಾಹ್ನದ ಸೆಖೆಗೆ ಆ ಕಪ್ಪೇ ಕರಗಿ ಹೊಗೆ ಬರುತ್ತದೆ. ಸ್ವಲ್ಪ ಸ್ವಲ್ಪ ಕಲೆಸಿ, ಕೂಡಲೇ ಬಟ್ಟೆಯ ಮೇಲೆ ಹರಡಬೇಕು.

ಎರಡನೇ ಜಗಳ ರೆಸಿನ್ ಎಷ್ಟು ಅನ್ನುವುದರದ್ದು. ಬೋಟಿಗೆ ಹಾಕುವುದು ಮ್ಯಾಟ್. ತುಂಡು ಎಳೆಗಳ ಆ ಚಾಪೆ ಸಿಕ್ಕಾಪಟ್ಟೆ ರೆಸಿನ್ ಕುಡಿಯುತ್ತದೆ. ಒಣಗಿದ ಮೇಲೆ ತೂಕದ ಮೂರರಲ್ಲಿ ಎರಡು ಪಾಲು ಬರೀ ರೆಸಿನ್. ನೀರಿನಲ್ಲಿರುವ ಬೋಟಿಗೆ ಅದು ಒಳ್ಳೆಯದೇ. ಕೂದಲೆಳೆಯಷ್ಟು ದಾರಿ ಬಿಟ್ಟರೂ ಉಪ್ಪುನೀರು ಒಳಗೆ ಹೋಗುತ್ತದಲ್ಲ. ವಿಮಾನದಲ್ಲಿ ಭಾರ ಹೊರುವುದು ಗ್ಲಾಸ್ ಎಳೆ. ರೆಸಿನ್ ಕೆಲಸ ಅವುಗಳನ್ನು ಹಿಡಿದಿಡುವುದು ಮಾತ್ರ. ಹೆಚ್ಚಾದದ್ದೆಲ್ಲ ಸುಮ್ನೆ ಹೊರೆ. ಆದ್ದರಿಂದ ಇಲ್ಲಿ ಹಚ್ಚುವುದಕ್ಕಿಂತ ತೆಗೆಯುವುದೇ ದೊಡ್ಡ ಕೆಲಸ.

ಆ ತೆಗೆಯುವ ಕೆಲಸ ನೋಡಬೇಕು. ಫೋಮಿನ ಮೇಲೆ ಮೊದಲು ಮೈಕ್ರೊ ಬಳಿಯಬೇಕು. ಎಪಾಕ್ಸಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗಾಜಿನ ಗುಳ್ಳೆಗಳ ಪುಡಿ ಕಲೆಸಿದ ಬಿಳಿ ಗಂಜಿ ಅದು. ಫೋಮಿನ ರಂಧ್ರ ಮುಚ್ಚಿ, ರೆಸಿನ್ ಒಳಗೆ ಇಳಿದು ವ್ಯರ್ಥ ಆಗದಂತೆ ತಡೆಯುತ್ತದೆ. ಅದರ ಮೇಲೆ ಬಟ್ಟೆ. ಎಳೆಗಳೆಲ್ಲ ಒಂದೇ ದಿಕ್ಕಿಗಿರುವ ಬಟ್ಟೆ, ಒಂದು ಪದರ ಈ ಓರೆಗೆ, ಇನ್ನೊಂದು ಆ ಓರೆಗೆ. ರೆಸಿನ್ ಸುರಿದು ರಬ್ಬರ್ ಪಟ್ಟಿಯಿಂದ ನಡುವಿನಿಂದ ಹೊರಕ್ಕೆ ಎಳೆಯುತ್ತಾ ಹೋದರೆ, ಬಿಳಿ ಬಟ್ಟೆ ಎಣ್ಣೆ ಬಿದ್ದ ಕಾಗದದ ಹಾಗೆ ಪಾರದರ್ಶಕ ಆಗುತ್ತದೆ. ಎಲ್ಲಾದರೂ ಬಿಳಿ ಚುಕ್ಕೆ ಕಂಡರೆ ಅಲ್ಲಿ ಗಾಳಿ ಸಿಕ್ಕಿಕೊಂಡಿದೆ. ತುದಿ ಕತ್ತರಿಸಿದ ಮೋಟು ಬ್ರಷ್‌ನಿಂದ ಕುಟ್ಟಿ ಕುಟ್ಟಿ ಅದನ್ನು ಓಡಿಸಬೇಕು. ಫಳಫಳ ಹೊಳೆಯುತ್ತಿದ್ದರೆ ರೆಸಿನ್ ಜಾಸ್ತಿ, ಇನ್ನೂ ಎಳೆಯಬೇಕು. ನೇಯ್ಗೆಯ ಗೆರೆ ಕಣ್ಣಿಗೆ ಕಾಣಬೇಕು, ಹೊಳಪು ಇರಬಾರದು, ಬಿಳಿಯೂ ಇರಬಾರದು. ಫೈಬರಣ್ಣ ಒಂದು ಮೂಲೆ ಮುಗಿಸಿ, "ಸರಿ ಆಯ್ತು" ಅನ್ನುತ್ತಿದ್ದರು. ನಾನು ಮತ್ತೆ ಪಟ್ಟಿ ಎಳೆಯುತ್ತಿದ್ದೆ. ಅಂಚಿನಿಂದ ಇನ್ನೂ ರೆಸಿನ್ ತೊಟ್ಟಿಕ್ಕುತ್ತಿತ್ತು. "ಇಷ್ಟು ಹಿಂಡಿದ್ರೆ ಎಂತ ಉಳೀತದೆ ಮಾರ್ರೆ" ಅಂತ ಅವರ ಸಂಕಟ. ಆದರೆ ಒಂದು ಮಾತು ಒಪ್ಪಲೇಬೇಕು. ಗಾಳಿ ಗುಳ್ಳೆ ಹುಡುಕುವ ಕಣ್ಣು ಅವರಿಗಿದ್ದಷ್ಟು ನನಗಿಲ್ಲ. ಟಾರ್ಚನ್ನು ಓರೆಯಾಗಿ ಹಿಡಿದು, ನನಗೆ ಏನೂ ಕಾಣದ ಕಡೆ ಬೆರಳಿಟ್ಟು ತೋರಿಸುತ್ತಿದ್ದರು.

ಕೈಗವಸಿನ ವಿಷಯದಲ್ಲೂ ಮಾತು ಬೆಳೆಯಿತು. ಇಷ್ಟು ವರ್ಷ ಬರಿಗೈಯಲ್ಲೇ ಮಾಡಿದವರು ಅವರು. ಎಪಾಕ್ಸಿ ಒಮ್ಮೆ ಮೈಗೆ ಅಲರ್ಜಿಯಾಗಿ ಹತ್ತಿತು ಅಂದರೆ ಸಾಮಾನ್ಯವಾಗಿ ಜೀವಮಾನ ಬಿಡುವುದಿಲ್ಲ. ಕೈಗವಸು ಹಾಕದೆ ಎಪಾಕ್ಸಿಯ ಕಪ್ ಮುಟ್ಟಬಾರದು ಅಂತ ಹಟ ಹಿಡಿದೆ, ಅದರಲ್ಲಿ ಗೆದ್ದೆ.

ಸಂಜೆ ಹೊತ್ತಿಗೆ ಪದರ ಚರ್ಮದ ಹದಕ್ಕೆ ಬರುತ್ತದೆ. ಅಂಚಿನಲ್ಲಿ ಹೊರಗೆ ನೇತಾಡುವ ಬಟ್ಟೆಯನ್ನು ಆಗಲೇ ಬ್ಲೇಡ್ ಹಾಕಿ ಕತ್ತರಿಸಿಬಿಡಬೇಕು. ಆ ಹದ ತಪ್ಪಿದರೆ ಮಾರನೇ ದಿನ ಗರಗಸ, ಧೂಳು, ಮೈಯೆಲ್ಲ ತುರಿಕೆ. ರುಟಾನ್ ಪುಸ್ತಕದಲ್ಲಿ ಇದಕ್ಕೆ ಹೇಳುವ ಹೊತ್ತಿಗಿಂತ ನಮ್ಮಲ್ಲಿ ಬೇಗನೇ ಆ ಹದ ಬರುತ್ತದೆ. ಅವರದು ಒಣ ಹವೆಯ ಮೊಹಾವಿ ಮರುಭೂಮಿ, ನಮ್ಮದು ಕಡಲ ಕರೆ.

ಹವೆಯೇ ಇಲ್ಲಿ ದೊಡ್ಡ ಯಜಮಾನ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಜಿಲ್ಲೆ ನಮ್ಮದು. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಎಪಾಕ್ಸಿ ಒಣಗುವಾಗ ಹಾರ್ಡ್ನರ್ ಆ ತೇವ ಮತ್ತು ಇಂಗಾಲದ ಡೈಆಕ್ಸೈಡ್ ಜೊತೆ ಸೇರಿ ಮೇಲೆ ಮೇಣದಂಥ ಜಿಡ್ಡು ಕಟ್ಟಿಕೊಳ್ಳುತ್ತದೆ. ಬ್ಲಶ್ ಅನ್ನುತ್ತಾರೆ. ಅದರ ಮೇಲೆ ಮುಂದಿನ ಪದರ ಹಾಕಿದರೆ ಹಿಡಿಯುವುದಿಲ್ಲ. ಇದನ್ನು ಫೈಬರಣ್ಣನಿಗೆ ಒಪ್ಪಿಸುವುದು ಕಷ್ಟವಾಯಿತು. ಪಾಲಿಯೆಸ್ಟರ್ ಕೂಡ ಮೇಲ್ಗಡೆ ಅಂಟು ಅಂಟಾಗಿಯೇ ಉಳಿಯುತ್ತದೆ, ಗಾಳಿ ತಾಗಿದ ಕಡೆ ಪೂರ್ತಿ ಗಟ್ಟಿಯಾಗುವುದಿಲ್ಲ. ಆ ಅಂಟಿನ ಮೇಲೆ ಮುಂದಿನ ಪದರ ಹಾಕುವುದೇ ಬೋಟಿನ ಕ್ರಮ. ಅಲ್ಲಿ ಒಳ್ಳೆಯದಾದದ್ದು ಇಲ್ಲಿ ಕೆಟ್ಟದ್ದು. ಎಪಾಕ್ಸಿಯ ಜಿಡ್ಡನ್ನು ನೀರು ಹಾಕಿ ಉಜ್ಜಿ ತೊಳೆದು, ಒಣಗಿಸಿ, ಆಮೇಲೆ ಮರಳು ಕಾಗದ ಹಿಡಿಯಬೇಕು.

ಮಳೆಗಾಲದಲ್ಲಿ ಗ್ಲಾಸ್ ಬಟ್ಟೆಯ ಸುರುಳಿ ಬಿಚ್ಚಲೇ ಇಲ್ಲ. ಡಿಸೆಂಬರ್, ಜನವರಿಯಲ್ಲಿ ಬೆಳಿಗ್ಗೆ ಮೂಡುಗಾಳಿ ಒಣದಾಗಿ ಬೀಸುತ್ತದೆ. ಇಬ್ಬನಿ ಆರಿದ ಮೇಲೆ, ಕಡಲ ಗಾಳಿ ಏಳುವ ಮೊದಲು, ಅಷ್ಟು ಹೊತ್ತು ನಮ್ಮದು. ಗ್ಲಾಸ್ ಬಟ್ಟೆಯ ಸುರುಳಿ ಹಳೆಯ ಮರದ ಕಪಾಟಿನಲ್ಲಿ, ಒಳಗೆ ಸದಾ ಒಂದು ಬಲ್ಬ್ ಉರಿಯುತ್ತಾ ಇರುತ್ತಿತ್ತು. ಅಮೆರಿಕದವರು ಚಳಿಗೆ ರೆಸಿನ್ ಗಟ್ಟಿಯಾಗದಿರಲಿ ಅಂತ ಬಲ್ಬಿನ ಪೆಟ್ಟಿಗೆ ಮಾಡಿಕೊಳ್ಳುತ್ತಾರೆ. ನಮ್ಮ ಬಲ್ಬು ತೇವ ಓಡಿಸಲಿಕ್ಕೆ.

ಜಿಡ್ಡಿನ ತಾಪತ್ರಯಕ್ಕೆ ಇನ್ನೊಂದು ಮದ್ದು ಪೀಲ್ ಪ್ಲೈ. ಹಸಿ ಪದರದ ಮೇಲೆ ಪಾಲಿಯೆಸ್ಟರ್ ಬಟ್ಟೆ ಹಾಸಿ ಒತ್ತಿ, ಒಣಗಿದ ಮೇಲೆ ಕಿತ್ತರೆ ಜಿಡ್ಡೆಲ್ಲ ಅದರ ಜೊತೆ ಬರುತ್ತದೆ, ಅಡಿಯಲ್ಲಿ ಒರಟಾದ ಶುದ್ಧ ಮೇಲ್ಮೈ. ತರಿಸಿದರೆ ದುಬಾರಿ. ಉಡುಪಿಯ ರಥಬೀದಿ ಹತ್ತಿರದ ಬಟ್ಟೆ ಅಂಗಡಿಗೆ ಹೋಗಿ ಪಾಲಿಯೆಸ್ಟರ್ ಲೈನಿಂಗ್ ಬಟ್ಟೆ ಕೇಳಿದೆ. "ಯಾವ ಬಣ್ಣದ ಸೀರೆಗೆ?" ಅಂದರು. "ಯಾವುದಾದರೂ ಆದೀತು, ಬಣ್ಣ ಬಿಡಬಾರದು ಅಷ್ಟೇ" ಅಂದೆ. ಮೊದಲು ತುಂಡಿನ ಮೇಲೆ ಪರೀಕ್ಷೆ ಮಾಡಿದೆವು. ಚೆನ್ನಾಗಿಯೇ ಕಿತ್ತು ಬಂತು.

ಮಳೆ ಅಂದಾಗ ಒಂದು ಮಾತು. ಲಾಂಗ್-ಈಝಿಯ ಮೊದಲಿನ ಕ್ಯಾನಾರ್ಡ್ ಆಕಾರ ಗ್ಲಾಸ್ಗೊ ವಿಶ್ವವಿದ್ಯಾಲಯದಲ್ಲಿ ರೂಪಿಸಿದ್ದು. ಮಳೆ ಹನಿ ಕೂತರೆ ಅದರ ಎತ್ತುವ ಶಕ್ತಿ ಕುಗ್ಗಿ ಮೂಗು ತಗ್ಗುತ್ತಿತ್ತು. ಆಮೇಲೆ ಜಾನ್ ರಾಂಜ್ ಎಂಬವರು ಆರ್1145ಎಂಎಸ್ ಎನ್ನುವ ಬೇರೆ ಆಕಾರ ಕೊಟ್ಟರು, ತೊಂದರೆ ನೀಗಿತು. ಉಡುಪಿಯಲ್ಲಿ ಕೂತವನು ಹಳೆಯದನ್ನು ಮಾಡುವುದುಂಟಾ? ನಾನು ಕತ್ತರಿಸಿದ್ದು ರಾಂಜ್ ಆಕಾರವನ್ನೇ.

ನಕ್ಷೆಯನ್ನು ತನಗೆ ಅನುಕೂಲ ಕಂಡಂತೆ ಬದಲಿಸುವ ಚಪಲ ಈ ಕೆಲಸದಲ್ಲಿ ಎಲ್ಲರಿಗೂ ಬರುತ್ತದೆ. ಫೈಬರಣ್ಣ, "ಇಲ್ಲಿ ಇನ್ನೆರಡು ಪದರ ಹಾಕುವ, ಗಟ್ಟಿ ಆಗ್ತದೆ" ಅಂತ ಆಗಾಗ ಹೇಳುತ್ತಿದ್ದರು. ಆಗ ಅವರಿಗೆ ಜಾನ್ ಡೆನ್ವರ್ ಕಥೆ ಹೇಳಿದೆ. ಹಾಡುಗಾರ ಡೆನ್ವರ್ 1997ರ ಅಕ್ಟೋಬರ್‌ನಲ್ಲಿ ಸತ್ತದ್ದು ಲಾಂಗ್-ಈಝಿಯಲ್ಲೇ. ಪೆಟ್ರೋಲ್ ಟ್ಯಾಂಕ್ ಬದಲಿಸುವ ವಾಲ್ವ್ ನಕ್ಷೆಯ ಪ್ರಕಾರ ಪೈಲಟ್‌ನ ಎರಡು ಕಾಲುಗಳ ನಡುವೆ ಇರಬೇಕಿತ್ತು. ಆ ವಿಮಾನ ಕಟ್ಟಿದವರು ಅದನ್ನು ಎಡ ಹೆಗಲ ಹಿಂದೆ ಇಟ್ಟಿದ್ದರು. ಡೆನ್ವರ್ ಕಟ್ಟಿದ್ದಲ್ಲ, ಕೊಂಡದ್ದು. ಹಿಂದಕ್ಕೆ ತಿರುಗಿ ಅದನ್ನು ಹುಡುಕುವಾಗಲೇ ಹಿಡಿತ ತಪ್ಪಿತು ಎನ್ನುವುದು ತನಿಖೆಯಲ್ಲಿ ಬಂದ ಮಾತು. ಫೈಬರಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆದ್ರೂ ಒಂದು ಪದರ ಹಾಕಬಹುದಿತ್ತು" ಅಂದರು.

ಕೊನೆಗೆ ರೆಕ್ಕೆಯನ್ನು ತಲೆಕೆಳಗು ಮಾಡಿ ನಡುವಿನಲ್ಲಿ ಸ್ಟ್ಯಾಂಡಿಗೆ ಬಿಗಿದೆವು. ಹಾರುವಾಗ ಗಾಳಿ ಅದನ್ನು ಮೇಲಕ್ಕೆ ಎತ್ತುತ್ತದೆ. ಹೀಗೆ ಮಗುಚಿ ಮೇಲೆ ಭಾರ ಹೇರಿದರೆ ಆ ಒತ್ತಡದಂತೆಯೇ ಆಗುತ್ತದೆ. ಎರಡೂ ಕಡೆ ಸಮನಾಗಿ ಮರಳಿನ ಚೀಲ ಇಡುತ್ತಾ ಹೋದೆವು. ಪಾಸು ಫೇಲು ಅಂತ ಹೇಳುವ ಪರೀಕ್ಷೆ ಅಲ್ಲ ಅದು, ನಮ್ಮ ಸಮಾಧಾನಕ್ಕೆ. ತುದಿಗಳು ಬಾಗಿದವು. ಚೀಲ ತೆಗೆದ ಮೇಲೆ ಮೊದಲಿನ ಗೆರೆಗೇ ಬಂದು ನಿಂತವು. ಶೆಡ್ಡಿನ ಹುಡುಗರು ವಿಡಿಯೊ ಮಾಡಿ ಕಳಿಸಿದ್ದೇ ಕಳಿಸಿದ್ದು. ಅಂದಿನಿಂದ ಮಲ್ಪೆ ಪೇಟೆಯಲ್ಲಿ ಕಂಡವರೆಲ್ಲ "ವಿಮಾನ ಯಾವಾಗ ಬಿಡುದು?" ಅಂತ ಕೇಳುತ್ತಾರೆ, ಬಸ್ಸಿನ ಟೈಮಿಂಗ್ ಕೇಳಿದ ಧಾಟಿಯಲ್ಲಿ.

ಇನ್ನು ಎಲಿವೇಟರ್ ಬಾಕಿ ಇದೆ. ರೆಕ್ಕೆಯ ಹಿಂದಿನ ಅಂಚಿನಲ್ಲಿ ಮೇಲೆ ಕೆಳಗೆ ಆಡುವ ಆ ಭಾಗವನ್ನು ತೂಗಿ, ಸರಿಯಾದ ಜಾಗದಲ್ಲಿ ಸೀಸದ ತೂಕ ಕಟ್ಟಿ, ಸಮತೋಲ ಮಾಡಬೇಕು. ಇಲ್ಲವಾದರೆ ವೇಗದಲ್ಲಿ ಅದು ಅದುರಿ ಕಿತ್ತು ಹೋದೀತು. ಅಲ್ಲಿ ಪ್ರತಿ ಗ್ರಾಂ ರೆಸಿನ್‌ಗೂ ಲೆಕ್ಕ ಇದೆ. ಫೈಬರಣ್ಣನನ್ನು ಅದಕ್ಕೆ 'ತಯಾರು' ಮಾಡುತ್ತಿದ್ದೇನೆ. ಬೋಟಿಗೆ ಎಪಾಕ್ಸಿ ಹಾಕಿದರೆ ಓನರ್ ಬಿಲ್ ನೋಡಿ ಓಡಿಸಿಯಾರು ಅಂತ ಅವರು ಅದರ ಗೊಡವೆಗೇ ಹೋಗಿಲ್ಲ. ಲೈನಿಂಗ್ ಬಟ್ಟೆ ಮಾತ್ರ ಹಿಡಿಸಿದೆ. ಡೆಕ್ ರಿಪೇರಿಗೆ ಈಗ ಅದನ್ನೇ ಹಾಸುತ್ತಾರೆ, ಉಜ್ಜುವ ಕೆಲಸ ಕಮ್ಮಿಯಂತೆ. ಮೊನ್ನೆ ಹೋದಾಗ ಬಾಡಿ ತುಂಬ ನೇರಳೆ ಲೈನಿಂಗ್ ಹೊದ್ದ ಬೋಟೊಂದು ಶೆಡ್ಡಿನ ಮುಂದೆ ನಿಂತಿತ್ತು. ಅಂಗಡಿಯವರು ಮೀಟರಿಗೆ ಎಷ್ಟು ಕಮ್ಮಿ ಮಾಡಿಯಾರು, ನೀವೇ ಒಮ್ಮೆ ಕೇಳಿ ಹೇಳಿ ಅಂದರು.